ನಿಮ್ಮ ಮನೆ ಕೀಲಿಕೈ ಒಟ್ಟು ಎಷ್ಟಿವೆ?

ಇಲ್ಲಿ ಕೂತಿರೋರಲ್ಲಿ ಹೆಚ್ಚಿನವರು ಬಾಡಿಗೆ ಮನೇಲಿ ಇದ್ದೀರಿ ಅಂದ್ಕೊಂಡಿದ್ದೀನಿ. ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನಿಮ್ಮ ಮನೆ ಮುಂಬಾಗಿಲಿನ ಕೀಲಿಕೈ ಒಟ್ಟು ಎಷ್ಟಿವೆ? ನಿಮ್ಮ ಜೇಬಲ್ಲಿರೋದು, ಗಂಡನ ಅಥವಾ ಹೆಂಡತಿಯ ಬ್ಯಾಗಲ್ಲಿರೋದು ಅಷ್ಟೇ ಅಲ್ಲ. ಒಟ್ಟು. ಎಲ್ಲೆಲ್ಲಿ ಇದ್ದಾವೋ ಅಲ್ಲೆಲ್ಲಾ ಸೇರಿಸಿ.

(ನಗು)

ನಗಬೇಡಿ, ನನಗೂ ಗೊತ್ತಿರಲಿಲ್ಲ. ಎಂಟೆಕ್ ಮಾಡಿದ್ದೀನಿ, ಆಫೀಸಲ್ಲಿ ದಿನಾ ಮಾಡೋ ಕೆಲಸವೇ ಯಾರಿಗೆ ಯಾವ ಸರ್ವರ್‌ಗೆ ಪ್ರವೇಶ ಇರಬೇಕು, ಯಾರಿಗೆ ಇರಬಾರದು ಅಂತ ನೋಡೋದು. ಆದ್ರೆ ನಮ್ಮ ಮನೆಗೆ ಯಾರ್ಯಾರಿಗೆ ಪ್ರವೇಶ ಇದೆ ಅಂತ ಒಂದು ದಿನವೂ ಕೂತು ಬರೆದಿರಲಿಲ್ಲ.

ಮೊದಲೇ ಒಂದು ಮಾತು. ನಾನು ಗದಗಿನವ. ನಮ್ಮ ಕಡೆ ಬೀಗಕ್ಕೆ ಕೀಲಿ ಅಂತೀವಿ, ಅದನ್ನ ತೆಗೆಯೋದಕ್ಕೆ ಕೀಲಿಕೈ. ಮೈಸೂರು ಕಡೆಯವರಿಗೆ ಅದು ಬೀಗ, ಬೀಗದ ಕೈ. ಇವತ್ತು ನನ್ನ ಬಾಯಿಗೆ ಯಾವುದು ಬರುತ್ತೋ ಅದನ್ನ ಹೇಳ್ತೀನಿ, ಹೊಂದಿಸಿಕೊಳ್ಳಿ.

ಎರಡು ವರ್ಷದ ಹಿಂದಿನ ಮಾತು. ಪುಣೆ ವಾಕಡ್‌ನಲ್ಲಿ ಈಗಿರೋ ಫ್ಲಾಟ್‌ಗೆ ಬಂದು ಐದು ದಿನ ಆಗಿತ್ತು. ಸಾಮಾನು ಜೋಡಿಸೋಕೆ ಅಂತ ಊರಿಂದ ಅವ್ವ ಬಂದಿದ್ಲು. ನಾನು ಹಿಂಜವಡಿ ಆಫೀಸಲ್ಲಿ, ಹೆಂಡತಿ ಖರಾಡಿ ಆಫೀಸಲ್ಲಿ. ಮಧ್ಯಾಹ್ನ ಎರಡೂವರೆಗೆ ಅವ್ವನ ಫೋನು. ನಾನು ಡ್ಯೂಟಿ ಮೇಲಿದ್ದಾಗ ಅವ್ವ ಫೋನ್ ಮಾಡೋದಿಲ್ಲ, ಸಾಹೇಬ್ರು ಬೈತಾರ ಅನ್ನೋ ಕಾಲದವಳು. ಹಾಗಾಗಿ ಹೆಸರು ನೋಡಿದ ಕೂಡ್ಲೇ ಎದೆ ಧಸಕ್ ಅಂತು.

"ತಮ್ಮಾ, ಯಾರೋ ಮೂರು ಮಂದಿ ಕೀಲಿ ತಗದು ಮನಿಯೊಳಗ ಬಂದಾರಪ್ಪಾ."

ಬಾಗಿಲು ಮುರಿದಿಲ್ಲ, ಬೆಲ್ ಒತ್ತಿಲ್ಲ. ಕೀಲಿ ತಗದು ಬಂದಾರ. ನಾನು ಫೋನನ್ನ ಅವರಿಗೆ ಕೊಡು ಅಂದೆ. ಒಬ್ಬ ಬ್ರೋಕರ್, ಜೊತೆಗೆ ಮನೆ ನೋಡೋಕೆ ಬಂದ ಗಂಡ ಹೆಂಡತಿ. ಫ್ಲಾಟ್ ಖಾಲಿ ಇದ್ದಾಗ ತೋರಿಸೋಕೆ ಅಂತ ಆ ಬ್ರೋಕರ್ ಹತ್ತಿರ ಒಂದು ಕೀಲಿಕೈ ಇಟ್ಟಿದ್ರಂತೆ. ನಮಗೆ ಮನೆ ಕೊಡಿಸಿದವನು ಬೇರೆ ಬ್ರೋಕರ್. ಮನೆ ಬಾಡಿಗೆಗೆ ಹೋಗಿದೆ ಅಂತ ಇವನಿಗೆ ಯಾರೂ ಹೇಳಿಲ್ಲ. "ಸಾರಿ ಸರ್, ಗಲತ್‌ಫಹಮೀ ಹೋ ಗಯೀ" ಅಂದ, ಹೊರಟುಹೋದ. ಅವನ ದೃಷ್ಟಿಯಲ್ಲಿ ಅಲ್ಲಿಗೆ ಮುಗೀತು.

ಅವ್ವನ ದೃಷ್ಟಿಯಲ್ಲಿ ಮುಗೀಲಿಲ್ಲ. ಅವಳಿಗೆ ಹಿಂದಿ ಬರೋದಿಲ್ಲ. ಅವರು ಏನು ಮಾತಾಡ್ತಿದ್ದಾರೆ ತಿಳೀದೆ, ಲಟ್ಟಣಿಗೆ ಹಿಡ್ಕೊಂಡು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ಲಂತೆ. ಸಂಜೆ ನಾನು ಬಂದಾಗ ನನ್ನ ಕೀಲಿಕೈ ತಿರುಗ್ತು, ಆದ್ರೆ ಬಾಗಿಲು ತೆರೀಲಿಲ್ಲ. ಒಳಗಿಂದ ಸೋಫಾ ಎಳೆದು ಬಾಗಿಲಿಗೆ ಅಡ್ಡ ಇಟ್ಟಿದ್ಲು. ಅರವತ್ತೆರಡು ವರ್ಷದ ಹೆಂಗಸು, ಮೂರು ಜನ ಕೂರೋ ಸೋಫಾ.

ಆ ರಾತ್ರಿ ನಾನು ಓನರ್‌ಗೆ ಫೋನ್ ಮಾಡಿದೆ. ಅವರು ನಾಶಿಕ್‌ನಲ್ಲಿರ್ತಾರೆ, ಒಳ್ಳೆ ಮನುಷ್ಯ. ಒಟ್ಟು ಎಷ್ಟು ಕೀಲಿಕೈ ಇವೆ ಅಂತ ಕೇಳಿದೆ. ಬೀಗದ ಡಬ್ಬಿಯಲ್ಲಿ ಐದು ಬಂದಿದ್ವಂತೆ. ನನಗೆ ಎರಡು ಕೊಟ್ರು, ಅವರ ಹತ್ತಿರ ಒಂದು, ಬ್ರೋಕರ್ ಹತ್ತಿರ ಒಂದು. ಐದನೇದು? "ಮೊದಲಿನ ಟೆನೆಂಟ್ ಕಳ್ಕೊಂಡಿದ್ರು ಅನ್ಸುತ್ತೆ." ಆ ಟೆನೆಂಟ್ ಮನೆಗೆಲಸದ ಬಾಯಿಗೆ ಅಂತ ಒಂದು ಡುಪ್ಲಿಕೇಟ್ ಮಾಡಿಸಿದ್ರು. ಪೇಂಟಿಂಗ್ ನಡೆದಾಗ ಪೇಂಟರ್‌ಗೆ ಹದಿನೈದು ದಿನ ಒಂದು ಕೊಟ್ಟಿದ್ರು, ವಾಪಸ್ ಬಂದಿದೆ, ಆದ್ರೆ ಆ ಹದಿನೈದು ದಿನದಲ್ಲಿ ಏನಾಯ್ತು ಯಾರಿಗೂ ಗೊತ್ತಿಲ್ಲ. ಫುಟ್‌ಪಾತ್ ಮೇಲಿನ ಚಾವಿವಾಲಾ ಐದು ನಿಮಿಷದಲ್ಲಿ ಡುಪ್ಲಿಕೇಟ್ ಮಾಡಿಕೊಡ್ತಾನೆ, ಯಾರ ಮನೇದು ಅಂತ ಕೇಳೋದಿಲ್ಲ.

ಇದರಲ್ಲಿ ಯಾರೂ ಕಳ್ಳರಲ್ಲ, ಇದನ್ನ ಒತ್ತಿ ಹೇಳ್ತೀನಿ. ಆ ಬಾಯಿ, ಆ ಪೇಂಟರ್, ಯಾರ ಮೇಲೂ ನನಗೆ ಅನುಮಾನ ಇಲ್ಲ. ಆದ್ರೆ ನಮ್ಮ ಆಫೀಸಲ್ಲಿ ಒಬ್ಬ ಕೆಲಸ ಬಿಟ್ರೆ ಅದೇ ಸಂಜೆ ಅವನ ಲಾಗಿನ್ ಬಂದ್ ಆಗುತ್ತೆ. ಅವನು ಕೆಟ್ಟವನು ಅಂತಲ್ಲ, ಅವನಿಗೆ ಇನ್ನು ಕೆಲಸ ಇಲ್ಲ ಅಂತ. ಕಬ್ಬಿಣದ, ಹಿತ್ತಾಳೆಯ ಕೀಲಿಕೈಗೆ ಹಂಗೆ ಬಂದ್ ಮಾಡೋ ಬಟನ್ ಇಲ್ಲ. ಒಮ್ಮೆ ಕೊಟ್ರೆ ಕೊಟ್ಟ ಹಾಗೇ. ಅದನ್ನ ರದ್ದು ಮಾಡೋಕೆ ಇರೋದು ಒಂದೇ ದಾರಿ, ಬೀಗದ ಒಳಗಿನ ಭಾಗವನ್ನೇ ಬದಲಾಯಿಸೋದು.

ಇನ್ನೊಂದು ತಮಾಷೆ ನೋಡಿ. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರನ್ನ ನೋಂದಣಿ ಮಾಡಿಸಲೇಬೇಕು, 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲೇ ಇದೆ. ನಮ್ಮ ಕರಾರಿನಲ್ಲಿ ಫ್ಯಾನ್ ಎಷ್ಟು, ಟ್ಯೂಬ್‌ಲೈಟ್ ಎಷ್ಟು, ಗೀಸರ್ ಎಷ್ಟು ಲೀಟರಿಂದು ಅಂತ ಎಲ್ಲಾ ಬರೆದಿದೆ. ಕೀಲಿಕೈ ಎಷ್ಟು ಅನ್ನೋದು ಮಾತ್ರ ಇಲ್ಲ.

ಓನರ್ ಸಿಲಿಂಡರ್ ಬದಲಾಯಿಸಿಕೊಳ್ಳಿ ಅಂದ್ರು. ಎರಡು ಷರತ್ತು: ಹಳೇದನ್ನ ಎಸೀಬೇಡಿ, ಮನೆ ಬಿಡುವಾಗ ಮತ್ತೆ ಅದನ್ನೇ ಹಾಕಿಕೊಡಿ. ಮತ್ತೆ ಏನಾದ್ರೂ ಅವಘಡ ಆದ್ರೆ ಒಳಗೆ ಹೋಗೋಕೆ ಒಂದು ದಾರಿ ಇರಲಿ. ಎರಡನೇ ಷರತ್ತನ್ನ ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅದರ ಕಥೆ ಆಮೇಲೆ.

ಈಗ ಬೀಗದ ಒಳಗೆ ಹೋಗೋಣ. ಸ್ಲೈಡ್ ಮೇಲೆ ಕಾಣ್ತಿರೋದು ಪಿನ್ ಟಂಬ್ಲರ್. ನಿಮ್ಮ ಮನೆ ಬಾಗಿಲಲ್ಲಿರೋದು ಹೆಚ್ಚುಕಮ್ಮಿ ಇದೇ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ತಗೊಂಡ ವಿನ್ಯಾಸ, ಇವತ್ತಿಗೂ ಮೂಲ ಬದಲಾಗಿಲ್ಲ. ಒಂದು ಕೊಳವೆ, ಅದರೊಳಗೆ ತಿರುಗೋ ಇನ್ನೊಂದು ಕೊಳವೆ. ಎರಡನ್ನೂ ದಾಟಿಕೊಂಡು ಐದೋ ಆರೋ ಸಣ್ಣ ರಂಧ್ರ. ಪ್ರತಿ ರಂಧ್ರದಲ್ಲಿ ಒಂದರ ಮೇಲೊಂದು ಎರಡು ಪಿನ್, ಮೇಲೆ ಒಂದು ಸ್ಪ್ರಿಂಗ್. ಕೀಲಿಕೈ ಇಲ್ಲದಾಗ ಪಿನ್‌ಗಳು ಎರಡೂ ಕೊಳವೆಗೆ ಅಡ್ಡಲಾಗಿ ನಿಂತಿರ್ತಾವೆ, ಒಳಗಿನದು ತಿರುಗೋದಿಲ್ಲ. ಸರಿಯಾದ ಕೀಲಿಕೈ ಹಾಕಿದ್ರೆ ಅದರ ಹಲ್ಲು ಪ್ರತಿ ಪಿನ್ನನ್ನೂ ಬೇಕಾದಷ್ಟೇ ಎತ್ತುತ್ತೆ. ಎರಡು ಪಿನ್‌ಗಳ ನಡುವಿನ ಸಂದು, ಎರಡು ಕೊಳವೆಗಳ ನಡುವಿನ ಸಂದು, ಎರಡೂ ಒಂದೇ ಗೆರೆಗೆ ಬರ್ತಾವೆ. ತಿರುಗುತ್ತೆ. ಸ್ವಲ್ಪ ಹೆಚ್ಚು ಎತ್ತಿದ್ರೂ ತಿರುಗೋದಿಲ್ಲ, ಕಡಿಮೆ ಎತ್ತಿದ್ರೂ ಇಲ್ಲ.

ನಮ್ಮಂಥವರಿಗೆ ಇದು ಪಾಸ್‌ವರ್ಡ್ ತರಹ ಕಾಣುತ್ತೆ. ಐದು ಪಿನ್, ಪ್ರತಿಯೊಂದಕ್ಕೂ ಎಂಟು ಎತ್ತರ ಅಂದ್ಕೊಳ್ಳಿ. ಎಂಟರ ಐದನೇ ಘಾತ, 32,768 ಬಗೆ. ಎಟಿಎಂ ಪಿನ್‌ಗಿಂತ ಜಾಸ್ತಿ, ಖುಷಿ ಆಗುತ್ತೆ. ಆದ್ರೆ ಕಾರ್ಖಾನೆಯಲ್ಲಿ ಕೊರೆದ ರಂಧ್ರಗಳು ಕೂದಲೆಳೆಯಷ್ಟು ಆಚೀಚೆ ಇರ್ತಾವೆ. ಒಳಗಿನ ಕೊಳವೆಯನ್ನ ಸ್ವಲ್ಪ ತಿರುಚಿ ಹಿಡಿದ್ರೆ ಐದೂ ಪಿನ್ ಒಟ್ಟಿಗೆ ಬಿಗಿಯಾಗೋದಿಲ್ಲ, ಒಂದೊಂದಾಗಿ ಆಗ್ತಾವೆ. ಹಾಗಾಗಿ ಗೊತ್ತಿರೋನು ಒಂದೊಂದನ್ನೇ ಬಿಡಿಸ್ತಾ ಹೋಗಬಹುದು. ಪಾಸ್‌ವರ್ಡ್ ಹಾಕುವಾಗ "ಮೊದಲನೇ ಅಕ್ಷರ ಸರಿ ಇದೆ, ಮುಂದಿನದು ಹೇಳಿ" ಅಂತ ಸಿಸ್ಟಮ್ಮೇ ಹೇಳಿದ ಹಾಗೆ. ಗುಣಿಸಬೇಕಾದಲ್ಲಿ ಕೂಡಿಸೋದು ಬರುತ್ತೆ. ಎಂಟೈದ್ಲೆ ನಲವತ್ತು. 32,768 ಎಲ್ಲಿ, ನಲವತ್ತೆಲ್ಲಿ! ಹತ್ತು ರೂಪಾಯಿ ಉಳಿಸೋಕೆ ಮಾಡಿದ ಬೀಗಕ್ಕೂ ನಿಖರವಾಗಿ ಕೊರೆದ ಬೀಗಕ್ಕೂ ಇರೋ ವ್ಯತ್ಯಾಸ ಹೊರಗಿನ ಹೊಳಪಲ್ಲಿ ಕಾಣೋದಿಲ್ಲ, ಈ ಸಂದಿನಲ್ಲಿ ಇರುತ್ತೆ.

ಇದನ್ನೆಲ್ಲ ಬಹಿರಂಗವಾಗಿ ಹೇಳಬಹುದಾ, ಕಳ್ಳರಿಗೆ ಪಾಠ ಮಾಡಿದ ಹಾಗಲ್ವಾ ಅಂತ ನೀವು ಕೇಳಬಹುದು. ಹಳೇ ಜಗಳ ಇದು. ಲಂಡನ್ನಿನಲ್ಲಿ ಬ್ರಾಮಾ ಅನ್ನೋ ಕಂಪನಿ 1790ರಿಂದ ಅಂಗಡಿ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಇದನ್ನ ತೆಗೆದವರಿಗೆ 200 ಗಿನಿ ಅಂತ ಬರೆದಿತ್ತು. ಅರವತ್ತು ವರ್ಷ ಯಾರಿಗೂ ಆಗಲಿಲ್ಲ. 1851ರ ಮಹಾ ಪ್ರದರ್ಶನಕ್ಕೆ ಬಂದ ಹಾಬ್ಸ್ ಅನ್ನೋ ಅಮೆರಿಕದವನು ಹದಿನಾರು ದಿನದಲ್ಲಿ, ಒಟ್ಟು 51 ಗಂಟೆ ಕೂತು ತೆಗೆದ. ಚಬ್ ಕಂಪನಿಯ ಹೆಸರಾಂತ ಬೀಗವನ್ನ ಅರ್ಧ ಗಂಟೆಯೊಳಗೇ ತೆಗೆದಿದ್ದ. ಊರೆಲ್ಲ ಗದ್ದಲ. ಕಳ್ಳರಿಗೆ ಇದೆಲ್ಲ ನಮಗಿಂತ ಮೊದಲೇ ಗೊತ್ತು, ಗೊತ್ತಿಲ್ಲದೆ ಇರೋರು ಮನೆಯವರು ಮಾತ್ರ ಅನ್ನೋದು ಹಾಬ್ಸ್‌ನ ವಾದ. ನನಗೂ ಅದೇ ಸರಿ ಅನ್ಸುತ್ತೆ. 1883ರಲ್ಲಿ ಕೆರ್ಕಾಫ್ಸ್ ಗೂಢಲಿಪಿ ಬಗ್ಗೆ ಬರೆಯುವಾಗ ಹೇಳಿದ್ದೂ ಇದೇ: ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಶತ್ರುವಿಗೆ ಗೊತ್ತಿದ್ರೂ ಪರವಾಗಿಲ್ಲ ಅನ್ನೋ ಹಾಗಿರಬೇಕು, ಗುಟ್ಟು ಇರಬೇಕಾದ್ದು ಕೀಯಲ್ಲಿ. ಕೀ ಗುಟ್ಟಾಗಿ ಉಳಿದಿಲ್ಲ ಅಂದ್ರೆ ಬೀಗ ಎಷ್ಟು ಗಟ್ಟಿ ಇದ್ದು ಏನು ಬಂತು?

ಇನ್ನು ಅಂಗಡಿಗೆ ಹೋದ ಕಥೆ. ಮರಾಠಿಯಲ್ಲಿ ಬೀಗಕ್ಕೆ ಕುಲೂಪ್ ಅಂತಾರೆ. ಕಿಲ್ಲೀ ಅಂದ್ರೆ ಕೀಲಿಕೈ. ನಾನು ಗದಗಿನ ಗತ್ತಲ್ಲಿ ಹಾರ್ಡ್‌ವೇರ್ ಅಂಗಡಿಯವನಿಗೆ ನಮ್ಮ ಬಾಗಿಲಿನ ಕಿಲ್ಲೀ ಬದಲಾಯಿಸಬೇಕು ಅಂದೆ. ಅವನು ಬಹಳ ಮರ್ಯಾದೆಯಿಂದ ಹೊರಗೆ ಕೂತಿದ್ದ ಚಾವಿವಾಲಾನ ಕಡೆ ಕೈ ತೋರಿಸಿದ. ಚಾವಿವಾಲಾ ನನ್ನ ಕೀಲಿಕೈ ಇಸ್ಕೊಂಡು ಡುಪ್ಲಿಕೇಟ್ ಕೊರೆಯೋಕೆ ಶುರು ಮಾಡೇಬಿಟ್ಟಿದ್ದ. ಇರೋ ಕೀಲಿಕೈ ಕಡಿಮೆ ಮಾಡೋಕೆ ಹೋದವನು ಇನ್ನೊಂದು ಮಾಡಿಸಿಕೊಂಡು ಬರ್ತಿದ್ದೆ.

(ನಗು)

ಅದಕ್ಕೂ ಮೊದಲು ಒಬ್ಬ ಕಾರ್ಪೆಂಟರ್‌ನ ಕರೆಸಿದ್ದೆ. ಹ್ಯಾಂಡಲ್ ಸಮೇತ ಇಡೀ ಲಾಕ್ ಬದಲಾಯಿಸಬೇಕು, 4,500 ಆಗುತ್ತೆ ಅಂದ. ಅದು ಬೇಕಾಗಿಲ್ಲ. ನಮ್ಮ ಬಾಗಿಲಲ್ಲಿರೋದು ಮಾರ್ಟಿಸ್ ಲಾಕ್, ಅಂದ್ರೆ ಬಾಗಿಲಿನ ದಪ್ಪದೊಳಗೆ ಕೊರೆದು ಕೂರಿಸಿದ ಪೆಟ್ಟಿಗೆ. ಅದರಲ್ಲಿ ಕೀಲಿಕೈ ಹೋಗೋ ಭಾಗ ಮಾತ್ರ ಬೇರೆ, ಅದಕ್ಕೆ ಯೂರೋ ಪ್ರೊಫೈಲ್ ಸಿಲಿಂಡರ್ ಅಂತಾರೆ. ಅದೊಂದನ್ನೇ ಬದಲಾಯಿಸಿದ್ರೆ ಹಳೇ ಕೀಲಿಕೈ ಎಲ್ಲಾ ಒಂದೇ ಏಟಿಗೆ ರದ್ದು. ನನಗೆ ಬಿದ್ದದ್ದು 950 ರೂಪಾಯಿ, ಹತ್ತು ನಿಮಿಷ.

ಮಾಡೋದು ಹೇಗೆ ಅಂದ್ರೆ, ಮೊದಲು ಬಾಗಿಲು ತೆರೆದಿಡಿ, ಕೊನೇವರೆಗೂ ಮುಚ್ಚಬೇಡಿ. ಗಾಳಿಗೆ ಬಡೀದ ಹಾಗೆ ಒಂದು ಕುರ್ಚಿ ಅಡ್ಡ ಇಡಿ. ಬಾಗಿಲಿನ ಅಂಚಲ್ಲಿ, ನಾಲಿಗೆ ಹೊರಬರೋ ಕಡೆ, ಸಿಲಿಂಡರ್‌ನ ನೇರಕ್ಕೆ ಒಂದು ಉದ್ದ ಸ್ಕ್ರೂ ಇರುತ್ತೆ. ಅದನ್ನ ಪೂರ್ತಿ ಬಿಚ್ಚಿ. ಈಗ ಸಿಲಿಂಡರ್ ಎಳೆದ್ರೆ ಬರೋದಿಲ್ಲ, ನಡುವಿನ ಒಂದು ತುಂಡು ಅಡ್ಡ ಬರುತ್ತೆ. ಕೀಲಿಕೈ ಹಾಕಿ ಸ್ವಲ್ಪವೇ, ಗಡಿಯಾರದಲ್ಲಿ ಎರಡು ಮೂರು ನಿಮಿಷದಷ್ಟು ಅಂದ್ಕೊಳ್ಳಿ, ತಿರುಗಿಸಿ ಅಲ್ಲಾಡಿಸಿ. ಆ ತುಂಡು ಸಿಲಿಂಡರ್‌ನ ಮೈಗೆ ಸೇರ್ಕೊಳ್ಳುತ್ತೆ, ಇಡೀ ಸಿಲಿಂಡರ್ ಜಾರಿ ಕೈಗೆ ಬರುತ್ತೆ. ಹೊಸದನ್ನ ಹಾಕೋದು ಇದರ ಉಲ್ಟಾ. ಬಾಗಿಲು ತೆರೆದೇ ಇರುವಾಗ ಹೊರಗಿಂದ ಹತ್ತು ಸಲ, ಒಳಗಿಂದ ಹತ್ತು ಸಲ ತಿರುಗಿಸಿ ನೋಡಿ. ಆಮೇಲೆ ಮುಚ್ಚಿ.

ಅಳತೆ ತಪ್ಪಬಾರದು. ಹಳೆ ಸಿಲಿಂಡರನ್ನ ಜೇಬಲ್ಲಿ ಹಾಕ್ಕೊಂಡೇ ಅಂಗಡಿಗೆ ಹೋಗೋದು ಉತ್ತಮ, ಅಷ್ಟು ಹೊತ್ತು ಮನೇಲಿ ಯಾರಾದ್ರೂ ಇರಲಿ. ಸ್ಕ್ರೂ ತೂತಿನ ನಡುವಿಂದ ಎರಡೂ ತುದಿಗೆ ಬೇರೆ ಬೇರೆ ಅಳೀರಿ. 30 ಮತ್ತು 30 ಸೇರಿ 60 ಮಿಲಿಮೀಟರ್, 35 ಮತ್ತು 35 ಸೇರಿ 70, ಹೀಗೆ ಬರ್ತಾವೆ. ಎರಡು ಕಡೆ ಬೇರೆ ಅಳತೆ ಇರೋದೂ ಉಂಟು. ನಮ್ಮ ಟೀಮಿನ ಒಬ್ಬರು 60 ಸಿಗಲಿಲ್ಲ ಅಂತ 70 ತಂದು ಹಾಕಿದ್ರು. ಹೊರಗೆ ಅರ್ಧ ಸೆಂಟಿಮೀಟರ್ ಮೂಗು ಚಾಚಿಕೊಂಡು ನಿಂತಿತ್ತು. ಈ ಸಿಲಿಂಡರ್ ಅತ್ಯಂತ ತೆಳ್ಳಗೆ ಇರೋದು ನಡುವೆ, ಸ್ಕ್ರೂ ಹೋಗೋ ಜಾಗದಲ್ಲಿ. ಹೊರಗೆ ಹಿಡಿಯೋಕೆ ಜಾಗ ಸಿಕ್ಕಿತು ಅಂದ್ರೆ ಇಕ್ಕಳದಲ್ಲಿ ಹಿಡಿದು ಅಲ್ಲೇ ಮುರಿಯಬಹುದು. ಪ್ಲೇಟಿನ ಮೇಲೆ ಎರಡು ಮೂರು ಮಿಲಿಮೀಟರ್‌ಗಿಂತ ಜಾಸ್ತಿ ಹೊರಗೆ ಇರಬಾರದು.

ಇಷ್ಟು ಹೊತ್ತು ಸಿಲಿಂಡರ್ ಬಗ್ಗೆ ಮಾತಾಡಿದೆ. ಆದ್ರೆ ನಮ್ಮ ಕಡೆ ಪಿನ್ ಬಿಡಿಸ್ತಾ ಕೂರೋ ಕಳ್ಳ ಅಪರೂಪ. ಪೇಪರಲ್ಲಿ ಬರೋದು "ಬೀಗ ಹಾಕಿದ ಮನೆಗೆ ಕನ್ನ", "ಬೀಗ ಮುರಿದು". ಹೊರಗೆ ತೂಗುಬೀಗ ಹಾಕಿದ ಮನೆ ಅಂದ್ರೆ ಒಳಗೆ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೆ. ಬೀಗ ಅಲಿಗಢದ್ದಿರಲಿ, ದಿಂಡಿಗಲ್‌ದಿರಲಿ, ಕಬ್ಬಿಣದ ರಾಡ್ ಹಾಕಿ ಮೀಟಿದ್ರೆ ಬೀಗಕ್ಕಿಂತ ಮೊದಲು ಕಿತ್ತು ಬರೋದು ಅದನ್ನ ಸಿಕ್ಕಿಸಿದ ಕೊಂಡಿ, ಕೊಂಡಿ ಕೂರಿಸಿದ ಸಣ್ಣ ಸ್ಕ್ರೂಗಳು. ದೀಪಾವಳಿಗೆ ನಾವೆಲ್ಲ ಒಂದೇ ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗ್ತೀವಿ, ನಮ್ಮ ಮಹಡಿಯಲ್ಲಿ ನಾಲ್ಕಕ್ಕೆ ಮೂರು ಮನೆಗೆ ತೂಗುಬೀಗ. ಬಾಗಿಲೊಳಗೇ ಇರೋ ಲಾಕ್‌ನ ದೊಡ್ಡ ಅನುಕೂಲ ಇದೇ, ಮನೇಲಿದ್ದೀರೋ ಇಲ್ವೋ ಹೊರಗಿಂದ ತಿಳಿಯೋದಿಲ್ಲ.

ಆ ಲಾಕಿಗೂ ಇದೇ ಗತಿ ಬರಬಾರದು ಅಂದ್ರೆ ಚೌಕಟ್ಟನ್ನ ನೋಡಿ. ನಾಲಿಗೆ ಹೋಗಿ ಕೂರೋ ಜಾಗದಲ್ಲಿ ಒಂದು ಲೋಹದ ಪಟ್ಟಿ ಇರುತ್ತಲ್ಲ, ಸ್ಟ್ರೈಕ್ ಪ್ಲೇಟ್. ನಾನು ನಮ್ಮ ಮನೇದನ್ನ ಬಿಚ್ಚಿದಾಗ ಕೈಗೆ ಬಂದದ್ದು ಅರ್ಧ ಇಂಚಿನ ಎರಡು ಸ್ಕ್ರೂ. ಅದರಲ್ಲಿ ಒಂದು ಬೆರಳಲ್ಲೇ ತಿರುಗ್ತಿತ್ತು. ಬಾಗಿಲನ್ನ ಒದ್ದರೆ ಆ ಪೂರ್ತಿ ಜೋರನ್ನ ತಡೀಬೇಕಾದ್ದು ಆ ಎರಡು ಸ್ಕ್ರೂ. ಎರಡು ಇಂಚಿನ ಸ್ಕ್ರೂ ತಂದು, ಮೊದಲು ಸಣ್ಣ ಡ್ರಿಲ್ಲಿಂದ ತೂತು ಮಾಡಿ, ಇಲ್ಲದಿದ್ರೆ ಮರ ಸೀಳುತ್ತೆ, ಗಟ್ಟಿಯಾಗಿ ಕೂರಿಸಿದೆ. ಖರ್ಚು ಇಪ್ಪತ್ತು ರೂಪಾಯಿ. ಕೀಲುಗಳಿಗೂ ಅಷ್ಟೇ ಮಾಡಿದೆ. ಒಟ್ಟು ಕೆಲಸದಲ್ಲಿ ಅತಿ ಹೆಚ್ಚು ಉಪಯೋಗದ ಇಪ್ಪತ್ತು ರೂಪಾಯಿ ಇದೇ ಅಂತ ನನ್ನ ನಂಬಿಕೆ.

ಹಾಂ, ಕೊಬ್ಬರಿ ಎಣ್ಣೆ. ಬೀಗ ಬಿಗಿಯಾದ್ರೆ ನಮ್ಮ ಮನೆಗಳಲ್ಲಿ ಮೊದಲು ಬರೋದು ಕೊಬ್ಬರಿ ಎಣ್ಣೆ ಡಬ್ಬಿ. ದಯವಿಟ್ಟು ಹಾಕಬೇಡಿ. ಸುಮಾರು 24 ಡಿಗ್ರಿ ಕೆಳಗೆ ಅದು ಹೆಪ್ಪುಗಟ್ಟುತ್ತೆ. ಪುಣೆ ಡಿಸೆಂಬರ್ ಬೆಳಿಗ್ಗೆ ನಿಮ್ಮ ಬಚ್ಚಲಮನೇಲಿ ಎಣ್ಣೆ ಹೇಗಿರುತ್ತೋ ಬೀಗದೊಳಗೂ ಹಾಗೇ ಇರುತ್ತೆ, ಜೊತೆಗೆ ಧೂಳು. ಪೆನ್ಸಿಲ್ ಕಡ್ಡಿಯ ಪುಡಿ ಸಾಕು, ಕೀಲಿಕೈ ಹಲ್ಲಿಗೆ ಸವರಿ ನಾಲ್ಕು ಸಲ ಹಾಕಿ ತೆಗೀರಿ.

ಸರಿ, ಹೊಸ ಸಿಲಿಂಡರ್ ಹಾಕಿದೆ. ಮೂರು ಕೀಲಿಕೈ ಬಂದ್ವು. ಒಂದು ನನಗೆ, ಒಂದು ಹೆಂಡತಿಗೆ, ಒಂದು ಬ್ಯಾಂಕ್ ಲಾಕರಿನಲ್ಲಿ. ಓನರ್‌ಗೂ ಕೊಡಲಿಲ್ಲ. ಯಾರಿಗೂ ಇಲ್ಲ. ಬಹಳ ಹೆಮ್ಮೆ ಆಯ್ತು ನನಗೆ. ಅವ್ವನಿಗೂ ಕರೆದು ತೋರಿಸಿದೆ. "ಇನ್ನ ಯಾರೂ ಬರಂಗಿಲ್ಲಲ್ಲಾ?" ಅಂತ ಎರಡು ಸಲ ಕೇಳಿ ಸೋಫಾ ಸರಿಸಿದ್ಲು.

ನಾನು ತಂದಿದ್ದು ಎರಡೂ ಕಡೆ ಕೀಲಿಕೈ ಹಾಕೋ ಸಿಲಿಂಡರ್. ಹೊರಗಿಂದ ಲಾಕ್ ಮಾಡಿದ್ರೆ ಒಳಗಿಂದಲೂ ಕೀಲಿಕೈ ಇಲ್ಲದೆ ತೆಗೆಯೋಕೆ ಬರೋದಿಲ್ಲ. ಅಂಗಡಿಯವನು ಇದು ಜಾಸ್ತಿ ಸೇಫ್ ಅಂದ, ನಾನೂ ಹೌದು ಅಂದೆ.

ಮೂರು ವಾರ ಕಳೆದಿರಬೇಕು. ಬೆಳಿಗ್ಗೆ ಹೆಂಡತಿ ಮೊದಲು ಹೋದಳು, ನಾನು ಆಮೇಲೆ. ಅವ್ವ ಸ್ನಾನಕ್ಕೆ ಹೋಗಿದ್ಲು. ಯಾರಾದ್ರೂ ಬಂದ್ರೆ ಅಂತ ನಾನೇ ಹೊರಗಿಂದ ಎರಡು ಸುತ್ತು ತಿರುಗಿಸಿ ಹೊರಟೆ. ಹನ್ನೊಂದು ಗಂಟೆಗೆ ನಮ್ಮ ಬಿಲ್ಡಿಂಗಿನ ಕೆಳಗೆ ಮೀಟರ್ ರೂಮಲ್ಲಿ ಶಾರ್ಟ್ ಸರ್ಕ್ಯೂಟ್. ಹೊಗೆ ಮೆಟ್ಟಿಲ ಮೇಲೆಲ್ಲ ಏರ್ತು. ಕರೆಂಟ್ ಹೋಯ್ತು. ಸೆಕ್ಯುರಿಟಿಯವರು ಸೀಟಿ ಊದಿ ಎಲ್ಲರನ್ನೂ ಕೆಳಗೆ ಇಳಿಸಿದ್ರು. ನಮ್ಮದು ಐದನೇ ಮಹಡಿ. ಅವ್ವ ಬಾಗಿಲು ಎಳೆದ್ಲು, ಬರಲಿಲ್ಲ.

ಎದುರುಮನೆ ಕಾಕೂ ಕೆಳಗೆ ಇಳಿಯೋ ಮೊದಲು ನಮ್ಮ ಬಾಗಿಲು ಬಡಿದಿದ್ದಾರೆ. ಒಳಗಿಂದ ಅವ್ವನ ದನಿ. ಕಾಕೂಗೆ ಕನ್ನಡ ಬರೋದಿಲ್ಲ, ಅವ್ವನಿಗೆ ಮರಾಠಿ ಬರೋದಿಲ್ಲ. ಆದ್ರೂ ಅವರು ಕೆಳಗೆ ಹೋಗಲಿಲ್ಲ. ಬಾಗಿಲ ಹೊರಗೆ ನಿಂತು, ಸೆರಗು ಮೂಗಿಗೆ ಹಿಡ್ಕೊಂಡು, ಅವರು ಮರಾಠಿಯಲ್ಲಿ, ಅವ್ವ ಕನ್ನಡದಲ್ಲಿ. ವಾಚ್‌ಮನ್ ನನಗೆ ಫೋನ್ ಮಾಡಿದ. ಹಿಂಜವಡಿಯಿಂದ ವಾಕಡ್ ಎಷ್ಟು ದೂರ ನಿಮಗೆ ಗೊತ್ತು, ಎಷ್ಟು ಹೊತ್ತು ಹಿಡಿಯುತ್ತೆ ಅದೂ ಗೊತ್ತು. ಆ ನಲವತ್ತು ನಿಮಿಷ ನಾನು ಬೈಕ್ ಮೇಲೆ ಏನೇನು ಯೋಚನೆ ಮಾಡಿದೆ ಅಂತ ಇಲ್ಲಿ ಹೇಳೋದಿಲ್ಲ.

ಬೆಂಕಿ ಮೀಟರ್ ರೂಮಲ್ಲೇ ಆರಿತು. ಏನೂ ಆಗಲಿಲ್ಲ. ನಾನು ಮೇಲೆ ಓಡಿ ಬಂದಾಗ ಹೊಗೆ ವಾಸನೆ ಅಷ್ಟೇ ಇತ್ತು. ಕಾಕೂ ಮೆಟ್ಟಿಲ ಮೇಲೆ ಕೂತಿದ್ರು. ಬಾಗಿಲು ತೆಗೆದೆ. ಅವ್ವ ಒದ್ದೆ ಟವೆಲ್ಲನ್ನ ಬಾಗಿಲ ಕೆಳಗಿನ ಸಂದಿಗೆ ಒತ್ತಿ ಇಟ್ಟು, ಗೋಡೆಗೆ ಒರಗಿ ಕೂತಿದ್ಲು. ಬೈಲಿಲ್ಲ. "ಅವತ್ತ ಮಂದಿ ಒಳಗ ಬರತಾರಂತ ಅಂಜಿದ್ನಿ, ಇವತ್ತ ನಾ ಹೊರಗ ಹೋಗಾಕ ಆಗವಲ್ದಂತ ಅಂಜಿದ್ನಿ" ಅಂದ್ಲು ಅಷ್ಟೇ. ಆಮೇಲೆ ಕಾಕೂನ ಒಳಗೆ ಕರೆದು ಕೂರಿಸಿ ಚಹಾಕ್ಕಿಟ್ಲು.

ಬ್ರೋಕರ್ ಮೇಲೆ ನಾನು ಒಂದು ತಿಂಗಳು ಸಿಟ್ಟು ಮಾಡಿಕೊಂಡಿದ್ದೆ. ಅವನದ್ದು ಬರೀ ಉಡಾಫೆ. ನಾನು ಮಾತ್ರ ಲೆಕ್ಕ ಹಾಕಿ, ವಿಡಿಯೊ ನೋಡಿ, ಹುಡುಕಿ ತಂದು ನನ್ನ ಅವ್ವನ್ನ ಒಳಗೆ ಹಾಕಿ ಬೀಗ ಜಡಿದಿದ್ದೆ. ಓನರ್ ಹೇಳಿದ ಎರಡನೇ ಷರತ್ತು ನೆನಪಾಯ್ತು, ಅವಘಡಕ್ಕೆ ಒಂದು ದಾರಿ ಇರಲಿ ಅಂತ. ಯಾರ ಹತ್ತಿರ ಕೀಲಿಕೈ ಇರಬಾರದು ಅಂತ ನೋಡಿದ್ದೆ, ಯಾರ ಹತ್ತಿರ ಇರಲೇಬೇಕು ಅಂತ ನೋಡಿರಲಿಲ್ಲ.

ಮರುದಿನ ಮತ್ತೆ ಅದೇ ಅಂಗಡಿ. ಈ ಸಲ ಹೊರಗೆ ಕೀಲಿಕೈ, ಒಳಗೆ ಕೈಯಿಂದ ತಿರುಗಿಸೋ ಗುಂಡಿ ಇರೋ ಸಿಲಿಂಡರ್. ಹೊರಗಿಂದ ಎಷ್ಟೇ ಸುತ್ತು ಹಾಕಿದ್ರೂ ಒಳಗಿದ್ದವರು ಕತ್ತಲಲ್ಲಿ, ಕನ್ನಡಕ ಇಲ್ಲದೆ, ಗುಂಡಿ ತಿರುಗಿಸಿ ಹೊರಗೆ ಬರಬಹುದು. ಮನೇಲಿ ವಯಸ್ಸಾದವರು, ಮಕ್ಕಳು, ಯಾರೇ ಒಬ್ಬರು ಒಳಗೆ ಉಳಿಯೋ ಮನೆಗೆ ಇದನ್ನೇ ಹಾಕಿ. ಒಂದೇ ಎಚ್ಚರ, ಬಾಗಿಲಿನಲ್ಲೋ ಪಕ್ಕದಲ್ಲೋ ಗಾಜು ಅಥವಾ ಜಾಲಿ ಇದ್ದು ಅದರೊಳಗಿಂದ ಕೈ ತೂರಿಸಿ ಗುಂಡಿ ಮುಟ್ಟೋ ಹಾಗಿದ್ರೆ ಮೊದಲು ಅದನ್ನ ಭದ್ರ ಮಾಡಿ.

ಸ್ಮಾರ್ಟ್ ಲಾಕ್ ಯಾಕೆ ಹಾಕಲಿಲ್ಲ ಅಂತ ನೀವು ಕೇಳೇ ಕೇಳ್ತೀರಿ. ನೋಡಿದೆ. ಯಾರು ಯಾವಾಗ ಬಂದ್ರು ಅಂತ ಲಾಗ್ ಸಿಗುತ್ತೆ, ಕೊಟ್ಟ ಪ್ರವೇಶ ವಾಪಸ್ ತಗೋಬಹುದು, ನನ್ನ ಮೂಲ ಸಮಸ್ಯೆಗೆ ನಿಜವಾದ ಉತ್ತರ ಅದೇ. ಆದ್ರೆ ಅವ್ವನ ಬೆರಳಚ್ಚು ರೇಷನ್ ಅಂಗಡಿ ಮಷಿನ್ನಲ್ಲೇ ಹತ್ತೋದಿಲ್ಲ. ನಲವತ್ತು ವರ್ಷ ರೊಟ್ಟಿ ಬಡಿದ ಕೈ. ನಂಬರ್ ಒತ್ತೋದಾದ್ರೆ ಅವಳು ಅದನ್ನ ಗೋಡೆ ಮೇಲೆ ಪೆನ್ನಲ್ಲಿ ಬರೀತಾಳೆ. ಇನ್ನೊಂದು, ಬ್ಯಾಟರಿ ಕೈಕೊಟ್ಟಾಗ ಇರಲಿ ಅಂತ ಹಲವು ಸ್ಮಾರ್ಟ್ ಲಾಕ್‌ಗಳಲ್ಲಿ ಒಂದು ಸಾದಾ ಕೀಲಿಕೈ ತೂತೂ ಇರುತ್ತೆ. ಹದಿನೈದು ಸಾವಿರ ಕೊಟ್ರೂ ಆ ತೂತಿನೊಳಗಿನ ಸಿಲಿಂಡರ್ ಎಂಥದ್ದೋ ನಿಮ್ಮ ಬಾಗಿಲು ಅಷ್ಟೇ ಗಟ್ಟಿ. ತಗೊಳ್ಳೋರು ಅದನ್ನ ಬಿಚ್ಚಿಸಿ ನೋಡಿ ತಗೊಳ್ಳಿ.

ಸ್ವಂತ ಫ್ಲಾಟ್ ತಗೊಂಡವರಿಗೆ ಎರಡು ಮಾತು. ಇಂಟೀರಿಯರ್ ಕೆಲಸ ಮುಗಿಯೋವರೆಗೆ ಕಾರ್ಪೆಂಟರ್, ಎಲೆಕ್ಟ್ರಿಷಿಯನ್, ಪಿಒಪಿಯವರು ಅಂತ ನಿಮ್ಮ ಕೀಲಿಕೈ ಊರು ತಿರುಗುತ್ತೆ. ಗೃಹಪ್ರವೇಶದ ಹಿಂದಿನ ದಿನ ಸಿಲಿಂಡರ್ ಬದಲಾಯಿಸಿ. ಎರಡನೇದು, ಪೊಸೆಷನ್ ಸಿಕ್ಕ ದಿನ ಗಂಡ ಹೆಂಡತಿ ಇಬ್ಬರೂ ಕೀಲಿಕೈ ಎತ್ತಿ ಹಿಡಿದು ಫೋಟೊ ತೆಗೆಸಿ ಸ್ಟೇಟಸ್ ಹಾಕ್ತೀರಲ್ಲ. ಕೀಲಿಕೈ ಅಂದ್ರೆ ಐದಾರು ಅಂಕಿ, ಅದರ ಹಲ್ಲಿನ ಆಳದಲ್ಲಿ ಬರೆದಿರುತ್ತೆ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು 195 ಅಡಿ ದೂರದಿಂದ ಲೆನ್ಸ್ ಹಾಕಿ ಟೇಬಲ್ ಮೇಲಿನ ಕೀಲಿಕೈಗಳ ಫೋಟೊ ತೆಗೆದು, ಅದರಿಂದಲೇ ಹಲ್ಲಿನ ಅಳತೆ ಓದಿ ತೋರಿಸಿದ್ರು. ನಿಮ್ಮದು ಒಂದಡಿ ದೂರದ ಸೆಲ್ಫಿ, ಜೊತೆಗೆ ಬಿಲ್ಡಿಂಗ್ ಹೆಸರು. ಹಲ್ಲಿನ ಮೇಲೆ ಬೆರಳಿಟ್ಟು ಹಿಡೀರಿ, ಸಾಕು.

ನಮ್ಮ ಮನೆ ಈಗಿನ ಲೆಕ್ಕ ಹೇಳ್ತೀನಿ, ಕೊನೇ ಸ್ಲೈಡ್. ಒಟ್ಟು ಐದು ಕೀಲಿಕೈ. ನನ್ನದು, ಹೆಂಡತಿದು. ಮೂರನೇದು ಎದುರುಮನೆ ಕಾಕೂ ಹತ್ತಿರ, ಅವರ ದೇವರಮನೆ ಡ್ರಾಯರ್‌ನಲ್ಲಿ, ಓನರ್‌ಗೂ ಇದು ಗೊತ್ತು, ಅವರು ಒಪ್ಪಿದ್ದಾರೆ. ನಾಲ್ಕನೇದು ಬ್ಯಾಂಕ್ ಲಾಕರಿನಲ್ಲಿ, ಡುಪ್ಲಿಕೇಟ್ ಮಾಡಿಸೋಕೆ ಬೇಕಾಗೋ ಕೋಡ್ ಕಾರ್ಡಿನ ಜೊತೆ. ಐದನೇದು ಅವ್ವನಿಗೆ ಕೊಟ್ಟೆ. ಊರಿಗೆ ಹೋಗುವಾಗ ವಾಪಸ್ ಕೇಳೋಣ ಅಂತಿದ್ದೆ. ಕೇಳಲಿಲ್ಲ. ಅದು ಈಗ ಗದಗಿನ ಮನೆ ಟ್ರಂಕಿನಲ್ಲಿದೆ, ಸುಮಾರು ಐನೂರು ಕಿಲೋಮೀಟರ್ ದೂರದಲ್ಲಿ. ಆಫೀಸಿನ ನಿಯಮದ ಪ್ರಕಾರ ನೋಡಿದ್ರೆ ಅದನ್ನ ವಾಪಸ್ ತರಿಸಬೇಕು.

ನನ್ನ ಮಾತು ಇಷ್ಟೇ. ನಾನು ಮೊದಲು ತಂದಿದ್ದ, ಎರಡೂ ಕಡೆ ಕೀಲಿಕೈ ಇರೋ ಆ ಸಿಲಿಂಡರ್ ಇಲ್ಲಿ ಟೇಬಲ್ ಮೇಲೆ ಇದೆ. ಒಳಗೆ ಹೇಗಿದೆ ನೋಡಬೇಕು ಅನ್ನೋರು ಬಿಚ್ಚಿ ನೋಡಬಹುದು, ಸ್ಪ್ರಿಂಗ್ ಹಾರುತ್ತೆ, ಕೆಳಗೆ ಒಂದು ಕರ್ಚೀಫ್ ಹಾಸ್ಕೊಳ್ಳಿ. ಪ್ರಶ್ನೆ ಇದ್ದವರು ಕೈ ಎತ್ತಿ.